ತಾಮ್ರ ತಿಂದ ನೂಲು

ರಬಕವಿಯಾಗ ಬಣ್ಣದ ಮಾತ ಬಂತಂದ್ರ ಮಂದಿ ಕೆಂಪ, ಹಸರ, ಅರಿಷಿಣ ಅಂತ ಶುರು ಮಾಡತಾರ. ನೀಲಕಂಠ ಮಾತ್ರ ಬಿಳಿಯಿಂದ ಶುರು ಮಾಡತಿದ್ದ.

"ಕೆಂಪ ಹಾಕೂದಂದ್ರ ಕೂಸಿಗೆ ಅಂಗಿ ತೊಡಿಸಿದಂಗ್ರೀ. ಬಿಳಿ ಮಾಡೂದಂದ್ರ ಕೂಸಿಗೆ ನೀರ ಎರದಂಗ. ಅಂಗಿ ಯಾರರೆ ತೊಡಸತಾರ. ಎರಿಯಾಕ ಕೈ ಬೇಕು."

ಆ ಕೈ ಅಂವಗಿತ್ತು. ಮಿಲ್ಲಿನಿಂದ ಬಂದ ಹಸಿ ನೂಲಿನ ಲಡಿ ನೋಡೀರೇನ? ಒಡದ ಹಾಲಿನಂಗ ಹಳದಿ ಮಾರಿ ಹಾಕ್ಕೊಂಡಿರತೈತಿ. ಅದ ನೂಲು ನೀಲಕಂಠನ ತೊಟ್ಟ್ಯಾಗ ಒಂದ ತಾಸ ಕುದ್ದ ಎದ್ದ ಬಂತಂದ್ರ ಮಲ್ಲಿಗಿ, ಮಲ್ಲಿಗಿ. ಬನಹಟ್ಟಿ ಮಗ್ಗದವರ ಸೈತ ತಮ್ಮೂರ ಬಣ್ಣದ ಮನಿ ಬಿಟ್ಟ ಇಲ್ಲಿ ತನಕಾ ನೂಲ ಹೊತ್ಕೊಂಡ ಬರತಿದ್ರು. ಹೊಳಿ ಕಡಿ ಓಣ್ಯಾಗ, ತಗಡಿನ ಮಾಡು, ಹಿಂದ ಬೊಯ್ಲರ, ಮುಂದ ಲಡಿ ಒಣಗಸೂ ಬಿದಿರ. ಅಷ್ಟ ಅಂವನ ಸಾಮ್ರಾಜ್ಯ.

ಆ ಸಾಮ್ರಾಜ್ಯದಾಗ ಪ್ರಜಾ ಒಬ್ಬನ ಇದ್ದ. ಹುಲೆಪ್ಪ. ಬೀರಪ್ಪನ ಒಕ್ಕಲ, ಕುರಿ ಕಾಯೂ ಮನಿತಾನದಂವ. ಇಪ್ಪತ್ತೆರಡ ವರ್ಷದ ಹಿಂದ ನಾಕ ದಿನ ಕೆಲಸಕ್ಕಂತ ಬಂದಂವ ಅಲ್ಲೇ ಉಳದಿದ್ದ. ನೀಲಕಂಠ ನೂಲ ಮುಟ್ಟಿ ನೋಡತಿದ್ದ, ಮೂಸಿ ನೋಡತಿದ್ದ, ಬೇಕಂದ್ರ ಕಿವಿ ಹಂತೇಕ ಹಿಡದ ಜಗ್ಗಿ ಸಪ್ಪಳಾ ಕೇಳತಿದ್ದ. ಹುಲೆಪ್ಪ ಬಿಳಿ ಮಾಡೂ ಪೆರಾಕ್ಸಾಯ್ಡ ಅಳತಿ ಮಾಡಿ ಹಾಕತಿದ್ದ. ಪೆರಾಕ್ಸಾಯ್ಡ ಅಂದ್ರ ಕ್ಯಾನಿನ್ಯಾಗ ಬರೂ ನೀರಿನಂಥಾ ಔಷಧ. ಮೈಮ್ಯಾಲ ಬಿದ್ರ ಚರ್ಮಾ ಬೆಳ್ಳಗ ಆಗಿ ಉರಿ ಹತ್ತತೈತಿ. ಒಂದ ತೊಟ್ಟಿಗೆ ಬರೋಬ್ಬರಿ ಏಳ ಮಾಪ. ಹೆಚ್ಚಾದ್ರ ನೂಲ ಸಾಯತೈತಿ, ಕಡಿಮಿ ಆದ್ರ ಹಳದಿ ಉಳಿತೈತಿ. ಹುಲೆಪ್ಪ ಒಂದೊಂದ ಮಾಪ ಹಾಕೂ ಮುಂದ ದೇವರ ಹೆಸರ ತಗೊಂಡ ಎಣಿಸಾಂವ. "ಬೀರಪ್ಪ ಒಂದು. ಬೀರಪ್ಪ ಎರಡು." ಕುರಿ ದೊಡ್ಡಿಗೆ ಹೊಗೂ ಮುಂದ ಅವರಪ್ಪ ಹಂಗ ಎಣಿಸತಿದ್ನಂತ. ಏಳ ಮುಗದ ಮ್ಯಾಲ ಮಾಪ ಬೋರಲ ಹಾಕಿ, ಕೈ ತೊಳಕೊಂಡ, ತಂಬಾಕ ತಿಕ್ಕತಿದ್ದ. ಆಗ ಅಂವನ ಮಾರಿ ನೋಡಬೇಕಾಗಿತ್ತ, ದೊಡ್ಡ ಸರ್ಜನ್ ಆಪರೇಶನ್ ಮುಗಿಸಿ ಹೊರಗ ಬಂಧಂಗ!

"ಏ ಹುಲೆಪ್ಪ, ಒಂದಿನಾ ದೇವರ ಬಿಟ್ಟ ಬರೇ ಎಣಿಸಿ ನೋಡಲೇ," ಅಂತ ನೀಲಕಂಠ ಕಾಡತಿದ್ದ.

"ಬರೇ ಎಣಿಸಿದ್ರ ನನ್ನ ಎಣಿಕಿ ಆಗತೈತ್ರಿ ಅಣ್ಣಾರ. ತಪ್ಪಿದ್ರ ಯಾರ ಹೊಣಿ?"

ಹೋದ ವರ್ಷ ಬ್ಯಾಸಗ್ಯಾಗ ಹಳೇ ಸಿಮೆಂಟ್ ತೊಟ್ಟಿ ಸೀಳತು. ನೀಲಕಂಠ ಹೊಸಾ ಸ್ಟೀಲ್ ತೊಟ್ಟಿ ತರಿಸಿದ. ಕನ್ನಡಿ ಕನ್ನಡಿ ಇತ್ತದು. ತಳದಾಗ ಉಗಿ ಕೊಳವಿ, ಅದರ ಮ್ಯಾಲ ತೂತ ತೂತಿನ ಸ್ಟೀಲ್ ಜಾಳಗಿ, ಜಾಳಗಿ ಮ್ಯಾಲ ನೂಲ. ಮೂರ ನಾಕ ತಿಂಗಳ ಅದರಾಗಿಂದ ಬಂದ ಬಿಳಿ ನೋಡಿ ಓಣಿ ಮಂದಿ ಬೆರಳ ಕಚ್ಚಿದ್ರು.

ಆಮ್ಯಾಲ ದಸರಾದ ಖಂಡೇಪೂಜಿ ಬಂತು. ಮಗ್ಗಕ್ಕ, ತೊಟ್ಟಿಗೆ, ಬೊಯ್ಲರಿಗೆ ಎಲ್ಲಾಕೂ ಅರಿಷಿಣ ಕುಂಕಮ. ನೀಲಕಂಠನ ಅವ್ವ ಪದ್ಮವ್ವ ತೀರಿ ಎಂಟ ವರ್ಷ ಆಗಿತ್ತು. ಆಕೀದೊಂದ ಪದ್ಧತಿ ಇತ್ತು. ಬಣ್ಣದ ತೊಟ್ಟಿ ಯಾವದ ಇರಲಿ, ತಳದಾಗ ಒಂದ ತಾಮ್ರದ ಢಬ್ಬು ಇರಬೇಕು. ಹಳೇ ಕಾಲದ ದಪ್ಪ ನಾಣ್ಯ. "ಖಾಲಿ ಹೊಟ್ಟಿ ತೊಟ್ಟಿ ಬಣ್ಣ ಹಿಡ್ಯಾಂಗಿಲ್ಲೋ. ತೊಟ್ಟಿ ಬಸರಿ ಇರಬೇಕು," ಅಂತಿದ್ಲು ಆಕಿ. ಹಳೇ ತೊಟ್ಟಿ ಒಡದಾಗ ಅದರ ಢಬ್ಬು ನೀಲಕಂಠ ದೇವರ ಜಗಲಿ ಮ್ಯಾಲ ಇಟ್ಟಿದ್ದ. ಪೂಜಿ ದಿನಾ ಅದನ್ನ ಹುಣಸಿ ಹಣ್ಣ ಹಚ್ಚಿ ಫಳಫಳ ಬೆಳಗಿ, ಕಣ್ಣಿಗೆ ಒತ್ಕೊಂಡು, ಹೊಸಾ ತೊಟ್ಟಿ ಜಾಳಗಿ ಎತ್ತಿ ತಳದಾಗ ಹಾಕಿದ. ಆಗ ಹುಲೆಪ್ಪ ಊರಾಗಿರಲಿಲ್ಲ, ಬೀರಪ್ಪನ ಗುಡಿಗೆ ಹೋಗಿದ್ದ. ಮ್ಯಾಲ ಜಾಳಗಿ ಕೂಡ್ರಿಸಿಬಿಟ್ರ ಢಬ್ಬು ಯಾರಿಗೂ ಕಾಣೂದಿಲ್ಲ. ನೀಲಕಂಠಗೂ ಮರುದಿನಾನ ಅದರ ನೆನಪ ಹೋತು. ದೇವರಿಗೆ ಹಚ್ಚಿದ ಊದಿನಕಡ್ಡಿ ಯಾರರೆ ನೆನಪ ಇಡತಾರೇನ?

ಪೂಜಿ ಆದ ಮ್ಯಾಲ ಮೊದಲನೇ ತೊಟ್ಟಿ ಕಾಮಣ್ಣನ ನೂಲು. ಕಾಮಣ್ಣ ಅಂದ್ರ ಓಣ್ಯಾಗ ಹಿರೇ ಮನಷ್ಯಾ, ಹತ್ತ ಪಾವರಲೂಮಿನ ಮಾಲಕ. ಹುಲೆಪ್ಪ ಔಷಧ ಅಳದ ಹಾಕಿ, ಬಗ್ಗಿ ನೋಡಿ ಅಂದ, "ಅಣ್ಣಾರ, ತೊಟ್ಟಿ ಇವತ್ತ ಬಾಳ ನೊರಿ ಕಾರಾಕತ್ತೈತ್ರಿ."

"ಹೊಸಾ ಕ್ಯಾನ್ ಅಲಾ, ತಾಕತ್ತ ಇರತೈತಿ. ಸುಮ್ನಿರು."

ನೂಲ ಎದ್ದ ಬಂತು. ಬೆಳ್ಳಗ ಇತ್ತು. ಒಣಗಿಸಿ ಕಳಿಸಿದ್ರು. ಮೂರನೇ ದಿನಾ ಕಾಮಣ್ಣ ಒಂದ ಲಡಿ ಕೈಯಾಗ ಹಿಡಕೊಂಡ ಬಂದ, ಹಿಂದ ಐದಾರ ಮಂದಿ. ಲಡಿಯಿಂದ ಒಂದ ಎಳಿ ತಗದು ಎರಡ ಬೆರಳಿಲೆ ಜಗ್ಗಿದ. ಎಳಿ ಶಾವಿಗಿಯಂಗ ಮುರೀತು.

"ಹಾಸು ಹೂಡಿ ಮಗ್ಗಾ ಚಾಲೂ ಮಾಡಿದೆ ನೀಲಕಂಠ. ಒಂದ ಗೇಣ ಬಟ್ಟಿ ಬರಲಿಲ್ಲ. ಗೆದ್ದಲ ತಿಂಧಂಗ ಆಗೇತಿ. ಇದ ನಿನ್ನ ಕೈಯಿನ ಬಿಳೀನ?"

ನೀಲಕಂಠ ಒಂದ ಎಳಿ ಜಗ್ಗಿದ, ಇನ್ನೊಂದ ಜಗ್ಗಿದ. ಎಲ್ಲಾ ಮುರದ್ವು. ಮೂವತ್ತೈದ ವರ್ಷದ ಹೆಸರು, ಆರ ಮಂದಿ ಮುಂದ. ಹುಲೆಪ್ಪನ ಕಡಿ ತಿರುಗಿ ಕೇಳಿದ, "ಎಷ್ಟ ಮಾಪ ಹಾಕಿದ್ದಿ?"

"ಏಳ್ರೀ," ಅಂದ ಹುಲೆಪ್ಪ.

"ಖರೆ ಹೇಳಲೇ."

"ಬೀರಪ್ಪನ ಹೆಸರ ತಗೊಂಡ ಎಣಿಸೀನ್ರೀ ಅಣ್ಣಾರ. ಏಳ."

ಆಗ ನೀಲಕಂಠನ ಬಾಯಿಂದ ಆ ಮಾತ ಬಿತ್ತು. "ಹಂಗಾರ ನಿಮ್ಮ ಬೀರಪ್ಪಗ ಎಣಸಾಕ ಬರಂಗಿಲ್ಲ ತಗಿ."

ನಾಕ ಮಂದಿ ನಕ್ರು. ಹುಲೆಪ್ಪ ನಗಲಿಲ್ಲ, ಜಗಳಾನೂ ಆಡಲಿಲ್ಲ. ಕೈಯಾಗಿನ ಮಾಪ ತೊಳದ ಗೂಟಕ್ಕ ಹಾಕಿ, ಟಾವೆಲ್ಲ ಹೆಗಲಿಗೆ ಹಾಕ್ಕೊಂಡ ಹೋದ. ಮರುದಿನಾ ಬರಲಿಲ್ಲ. ಅದರ ಮರುದಿನಾ ಓಣ್ಯಾಗ ಅಂವಗ ಹೆಸರ ಬಿದ್ದಿತ್ತು, 'ಎಂಟ ಹುಲೆಪ್ಪ'. ಏಳ ಹಾಕೂದ ಬಿಟ್ಟ ಎಂಟ ಹಾಕ್ಯಾನ ಅಂತ. ಚಾದಂಗಡ್ಯಾಗ ಚಾ ಹೇಳಿದ್ರ "ಎಂಟ ಕೊಡ್ರೀ ಇಂವಗ!" ಅಂತ ಒಬ್ಬ ಕೂಗಾಂವ, ಉಳದವರ ನಗಾವ್ರು. ಹದಿನೈದ ದಿನದಾಗ ಹುಲೆಪ್ಪ ಹೆಂಡತಿ ಮರೆವ್ವನ್ನ ಕರಕೊಂಡು, ಪಾತ್ರಿ ಪಗಡ ಕಟ್ಕೊಂಡು, ಆಕಿ ತವರಮನಿ ಗಲಗಲಿಗೆ ಹೋದ.

ಇಷ್ಟ ಆಗಿದ್ರ ಇದು ಸಿಟ್ಟಿನ ಕತಿ ಆಗತಿತ್ತು. ಖರೇ ಕೆಟ್ಟದ್ದು ಆಮ್ಯಾಲಿಂದು.

ಹುಲೆಪ್ಪ ಕೆಲಸಾ ಬಿಟ್ಟ ಐದನೇ ದಿನಕ್ಕ ನೀಲಕಂಠ ಎರಡನೇ ತೊಟ್ಟಿ ಏರಿಸಿದ, ಅದ ಸ್ಟೀಲಿನ್ಯಾಗ ಹೊಸಾ ನೂಲ. ಈ ಸಲ ತಾನ ಅಳದ, ತಾನ ಎಣಿಸಿದ. ಏಳಂದ್ರ ಏಳ. ಆ ನೂಲೂ ಶಾವಿಗಿಯಂಗ ಮುರೀತು. ಒಣಗೂ ಬಿದಿರಿನ ಕೆಳಗ ನಿಂತ ಎಳಿ ಜಗ್ಗಿ ಜಗ್ಗಿ ನೋಡಿದ. ಹುಲೆಪ್ಪಂದ ತಪ್ಪ ಇಲ್ಲ ಅನ್ನೂದು ಆ ಕ್ಷಣಾನ ಅಂವಗ ಗೊತ್ತಾತು. ಹುಲೆಪ್ಪ ಇನ್ನೂ ಊರಾಗ ಇದ್ದ, ಎರಡ ಓಣಿ ದಾಟಿದ್ರ ಅಂವನ ಮನಿ. ಹೋಗಿ "ತಪ್ಪಾತಪಾ" ಅಂದಿದ್ರ ಮುಗೀತಿತ್ತು. ನೀಲಕಂಠ ಹೋಗಲಿಲ್ಲ. ಕೆಟ್ಟ ನೂಲ ಹಿತ್ತಲದಾಗ ಸುಟ್ಟ. ಮಂದಿ ಕೇಳಿದ್ರ "ನೀರ ಸರಿ ಇಲ್ರೀ ಈ ಸಲ, ಗಡಸ ಆಗೇತಿ" ಅಂದ. ಸ್ಟೀಲ್ ತೊಟ್ಟಿ ಮ್ಯಾಲ ತಾಡಪಾಲ ಹೊಚ್ಚಿ, ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ಹಳೇ ಬ್ಲೀಚಿಂಗ್ ಪುಡಿ ಕೆಲಸ ಶುರು ಮಾಡಿದ.

ಹೆಂಡತಿ ಬನಶಂಕರಿ ಒಬ್ಬಾಕಿಗೆ ಗೊತ್ತಿತ್ತು. ಸುಟ್ಟ ನೂಲಿನ ವಾಸನಿ ಆಕಿ ಮೂಗಿಗೆ ಬಡದಿತ್ತಲಾ.

"ರೀ, ಹುಲೆಪ್ಪನ ಮನಿಗೆ ಹೋಗಿ ಬರ್ರಿ."

"ಹೋಗಿ ಏನ ಹೇಳ್ಲಿ? ನೂಲ ಯಾಕ ಕೆಟ್ಟಿತು ಅಂತ ನನಗ ಗೊತ್ತಿಲ್ಲ. ಕಾರಣ ಸಿಗಲಿ, ಹೋಗತೇನಿ."

"ತಪ್ಪ ಒಪ್ಪಗೊಳ್ಳಾಕ ಕಾರಣ ಯಾಕ ಬೇಕ್ರಿ?"

ನೀಲಕಂಠ ಎದ್ದ ಡ್ರಮ್ಮಿನ ಕಡಿ ಹೋದ. ಐದ ತಿಂಗಳ ಹಂಗ ಹೋದ್ವು.

ಪುಡಿ ಬಿಳಿ ಕಾಮಣ್ಣಗ ಹಿಡಸಲಿಲ್ಲ, ತಿಂಗಳಾಗೂದ್ರಾಗ ಹಳದಿ ತಿರಗತಿತ್ತು. "ತೊಟ್ಟಿ ರಿಪೇರಿ ಮಾಡಿಸೋ ಮಾರಾಯಾ" ಅಂತ ಬೆನ್ನ ಹತ್ತಿದ. ಕಡೀಕ ನೀಲಕಂಠ ಕೆಟ್ಟ ನೂಲಿಂದ ಉಳದ ಒಂದ ಲಡಿ ಪೇಪರಿನ್ಯಾಗ ಸುತಗೊಂಡು ಜಮಖಂಡಿ ಬಸ್ ಹತ್ತಿದ. ಅಲ್ಲಿ ಶಶಿಕಾಂತ ಮಾಸ್ತರ ಇದ್ರು. ರಿಟೈರ ಆದವರು, ಹಿಂದಕ ನೀಲಕಂಠಗ ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸಿದವರು.

ಮಾಸ್ತರು ಕನ್ನಡಕದ ಮ್ಯಾಲಿಂದ ನೋಡಿದ್ರು. "ನೀಲಕಂಠ ಅಲಾ ನೀ? ವಿಜ್ಞಾನದಾಗ ಇಪ್ಪತ್ತೊಂದ ತಗೊಂಡಂವ."

"ಇಪ್ಪತ್ಮೂರ್ರಿ ಸರ."

"ಎರಡ ನಾ ದಾನಾ ಕೊಟ್ಟಿದ್ದೆ, ಅದಕ. ಬಾ, ಕೂಡು."

ಎಳಿ ಜಗ್ಗಿ ನೋಡಿದ್ರು. ಭೂತಗನ್ನಡಿ ತಂದ ನೋಡಿದ್ರು. ಆಮ್ಯಾಲ ಒಳಗ ಹೋಗಿ ಒಂದ ಕಟಗಿ ಪೆಟ್ಟಗಿ ತಂದ್ರು ನೋಡ್ರಿ, ಅದರಾಗ ಸಣ್ಣ ಸಣ್ಣ ಕಾಚಿನ ಬಾಟಲಿ! ನೀಲಕಂಠಗ ಬಂದ ಕೆಲಸಾನ ಮರತಂಗಾತು. ಒಂದ್ರಾಗ ನವಿಲಗೊರಳ ನೀಲಿ, ತಾಮ್ರದ ಉಪ್ಪು. ಒಂದ್ರಾಗ ಎಳೇ ಹುಲ್ಲಿನ ಹಸರು, ನಿಕ್ಕೆಲ್. ಗುಲಾಬಿ ಬಣ್ಣದ್ದು ಕೋಬಾಲ್ಟ್. ಕಿತ್ತಳಿ ಹಣ್ಣಿನಂಥಾದ್ದು ಕ್ರೋಮಿಯಂ. ನೇರಳಿ ಕರ್ರಗ ಮಿಂಚಾಕತ್ತಿದ್ದು ಮ್ಯಾಂಗನೀಸ್. ಮೂವತ್ತೈದ ವರ್ಷ ಬಣ್ಣ ಮಾಡಿದಂವ, ಇಂಥಾ ಬಣ್ಣ ನೋಡಿರಲಿಲ್ಲ.

"ಇವೆಲ್ಲಾ ಒಂದ ಓಣಿ ಮಂದಿ," ಅಂದ್ರು ಮಾಸ್ತರು. "ಮೂಲವಸ್ತುಗಳ ಕೋಷ್ಟಕದಾಗ ನಟ್ಟ ನಡಬರಕ ಕೂಡತಾರ. ಸಂಕ್ರಮಣ ಲೋಹ ಅಂತಾರ ಇವಕ್ಕ. ಉಪ್ಪಿನ್ಯಾಗಿನ ಸೋಡಿಯಂ ನೋಡು, ಪಾಪದ್ದು, ಅದರ ಹೊರಗಿನ ಕಟ್ಟಿ ಮ್ಯಾಲ ಒಂದ ಎಲೆಕ್ಟ್ರಾನ್ ಕುಂತಿರತೈತಿ, ಅದನ್ನ ಕೊಟ್ಟ ಬಾಗಲಾ ಹಾಕ್ಕೊಂಡಬಿಡತೈತಿ. ಇವು ಹಂಗಲ್ಲ. ಇವಕ್ಕ ಒಳಗೊಂದ ಪಡಸಾಲಿ ಐತಿ, ಅರ್ಧಾಮರ್ಧಾ ತುಂಬಿದ್ದು. ಅಲ್ಲಿಂದ ಒಮ್ಮೆ ಒಂದ ಕೊಡತಾವು, ಒಮ್ಮೆ ಎರಡ ಕೊಡತಾವು, ಒಮ್ಮೆ ಮೂರ. ಕೊಟ್ಟದ್ದ ಮತ್ತ ತಗೋತಾವು. ಬೆಳಕ ಬಿದ್ರ ಆ ಪಡಸಾಲ್ಯಾಗ ಎಲೆಕ್ಟ್ರಾನ್ ಎದ್ದ ಜಾಗಾ ಬದಲಿ ಮಾಡತಾವು, ಅದಕ ಈ ಬಣ್ಣ. ಇದನ್ನ ನೋಡು." ಒಂದ ಬೆಳ್ಳನ್ನ ಪುಡಿ ತೋರಿಸಿದ್ರು. "ಸತು. ಇದರ ಪಡಸಾಲಿ ಪೂರಾ ಭರ್ತಿ, ಜಗ್ಗಾಡಾಕ ಜಾಗಾ ಇಲ್ಲ. ಬಣ್ಣಾನೂ ಇಲ್ಲ."

"ಸರ, ನನ್ನ ನೂಲಿಗೂ ಇದಕ್ಕೂ..."

"ಅವಸರ ಮಾಡಬ್ಯಾಡ, ಅದಕ ಇಪ್ಪತ್ತೊಂದ ಬಂದಿದ್ದು. ನೀ ಬೀಗತಾನ ಮಾಡಸೂ ದಲ್ಲಾಳಿನ್ನ ನೋಡಿಯಿಲ್ಲೋ? ಗಂಡಿನ ಮನ್ಯಾಗೂ ಉಣತಾನ, ಹೆಣ್ಣಿನ ಮನ್ಯಾಗೂ ಉಣತಾನ, ಮದವಿ ಮಾಡಸತಾನ, ತಾ ಮಾತ್ರ ಹೆಂಗ ಇದ್ದಾಂವ ಹಂಗ ಮುಂದಿನ ಮನಿಗೆ. ತಾಮ್ರ, ಕಬ್ಬಣ, ಮ್ಯಾಂಗನೀಸ್, ಇವು ಪೆರಾಕ್ಸಾಯ್ಡಿನ್ಯಾಗ ಬಿದ್ರ ಹಂಗ ಮಾಡತಾವು. ಒಂದ ಎಲೆಕ್ಟ್ರಾನ್ ಕೊಡೂದು, ತಿರಗಿ ತಗೊಳ್ಳೂದು, ಕೊಡೂದು, ತಗೊಳ್ಳೂದು. ಇವು ಖರ್ಚ ಆಗಂಗಿಲ್ಲ, ಪೆರಾಕ್ಸಾಯ್ಡ ಮಾತ್ರ ಹುಚ್ಚ ಹಿಡಧಂಗ ಒಡೀತೈತಿ. ಮೆಲ್ಲಕ ಹಳದಿ ತಗೀಬೇಕಾದದ್ದು ನೂಲನ್ನ ತಿನ್ನಾಕ ಹತ್ತತೈತಿ. ಬಾಳ ಬ್ಯಾಡ, ಚೂರ ಲೋಹ ಸಾಕ. ನೊರಿ ಬಂದಿತ್ತೇನ?"

ನೀಲಕಂಠಗ ಹುಲೆಪ್ಪನ ದನಿ ಕೇಳಿಧಂಗಾತು. "ಬಂದಿತ್ರಿ."

"ಹಂಗಾರ ನಿನ್ನ ತೊಟ್ಟ್ಯಾಗ ಯಾವದೋ ದಲ್ಲಾಳಿ ಹೊಕ್ಕಾನ. ಹಿತ್ತಾಳಿ ನಳಾ ಐತೇನ?"

"ಇಲ್ರಿ, ಎಲ್ಲಾ ಸ್ಟೀಲ. ಸ್ಟೀಲೂ ಕಬ್ಬಣಾನ ಅಲ್ರಿ ಮತ್ತ?"

"ಶಾಣ್ಯಾ ಆದಿ, ಈಗ! ಸ್ಟೀಲಿನ್ಯಾಗ ಕ್ರೋಮಿಯಂ ಐತಿ. ಅದು ಮೈಮ್ಯಾಲ ತೆಳ್ಳನ್ನ ಪದರ ಹೊಚಗೊಂಡ ಕುಂತಿರತೈತಿ, ಒಳಗಿನ ಕಬ್ಬಣಾ ಹೊರಗ ಬಿಡಂಗಿಲ್ಲ. ಅದಲ್ಲ. ಬ್ಯಾರೆ ಏನರೆ ಬಿದ್ದೈತಿ. ಹುಡುಕು."

ಬಸ್ಸಿನ್ಯಾಗ ಕಿಡಕಿ ಹಂತೇಕ ಕುಂತ ನೀಲಕಂಠ ಹುಡಕಾಕ ಹತ್ತಿದ, ತಲಿಯಾಗ. ನಳಾ ಅಲ್ಲ. ಕೊಳವಿ ಅಲ್ಲ. ಬಕೀಟ ಅಲ್ಲ. ಬಾಜೂ ಸೀಟಿನ ಮುದಕಿ ಟಿಕೆಟ್ಟಿಗಂತ ಎಲಿ ಅಡಕಿ ಚೀಲದಾಗ ಕೈ ಹಾಕಿ ನಾಣ್ಯಾ ತಗದ್ಲು. ಅಷ್ಟ. ನೀಲಕಂಠಗ ಪೂಜಿ ದಿನಾ ನೆನಪಾತು. ಹುಣಸಿ ಹಣ್ಣಿನ ಹುಳಿ ವಾಸನಿ ಮೂಗಿಗೆ ಬಂತು.

ಮನಿಗೆ ಬಂದಂವ ಚಪ್ಪಲ ಸೈತ ಬಿಡಲಿಲ್ಲ. ತಾಡಪಾಲ ಜಗ್ಗಿ, ಜಾಳಗಿ ಎತ್ತಿದ. ಢಬ್ಬು ಮೂಲ್ಯಾಗ ಬಿದ್ದಿತ್ತು. ಕರ್ರಗ ಆಗಿ, ಅಂಚ ಸವದು, ಮ್ಯಾಲಿನ ಅಕ್ಷರ ಒಂದೂ ಕಾಣದಂಗ. ಅದನ್ನ ಅಂಗೈಯಾಗ ಇಟಗೊಂಡ ತೊಟ್ಟಿ ಅಂಚಿನ ಮ್ಯಾಲ ಕುಂತಬಿಟ್ಟ. ಬನಶಂಕರಿ ಬಂದ ನೋಡಿದ್ಲು. ಏನಂತ ಕೇಳಿದ್ಲು, ಹೇಳಿದ. ಆಕಿ ಢಬ್ಬು ತನ್ನ ಕೈಯಾಗ ತಗೊಂಡ ತಿರುವಿ ನೋಡಿದ್ಲು.

"ಅತ್ತೀಯವರ ಕಾಲಕ್ಕ ಯಾಕ ಕೆಡಲಿಲ್ಲರಿ ಹಂಗಾರ?"

ಇದನ್ನ ಅಂವ ಮರುದಿನಾ ಮಾಸ್ತರಿಗೆ ಫೋನ್ ಮಾಡಿ ಕೇಳಿದ. ಮಾಸ್ತರು ಅಂದ್ರಂತ, ಮೊದಲ ನೂಲ ಬಿಳಿ ಮಾಡತಿದ್ದದ್ದು ತಣ್ಣೀರಾಗ ಪುಡಿ ಕಲಿಸಿ, ಕುದಿಯೂ ಪೆರಾಕ್ಸಾಯ್ಡ ಇರಲಿಲ್ಲ; ಅದು ಬರೂದ್ರಾಗ ಢಬ್ಬಿನ ಮ್ಯಾಲ ಸುಣ್ಣದ ಗಾರಿ ಹೆಪ್ಪಗಟ್ಟಿ ತಾಮ್ರ ಮುಚ್ಚಿತ್ತು, ನೀಲಕಂಠ ಹುಣಸಿ ಹಚ್ಚಿ ಬೆಳಗಿದಾಗ ತಾಮ್ರ ಬಯಲಿಗೆ ಬಂತು. ಮ್ಯಾಲ, ಕೆಲವೊಂದ ಬಣ್ಣಕ್ಕ ಚೂರ ತಾಮ್ರ ಕೂಡಿದ್ರ ಆ ಬಣ್ಣ ತಾಮ್ರಾನ ಅಪಗೊಂಡು ಬಿಸಲಿಗೂ ಜಗ್ಗದಂಗ ಆಗತೈತಿ. "ನಿಮ್ಮವ್ವ ದಡ್ಡಿ ಅಲ್ಲಪಾ. ಆಕಿ ತೊಟ್ಟಿಗೆ ಆಕಿ ಮಾತ ಖರೆ ಇದ್ದೀತು." ಇದನ್ನ ಕೇಳಿ ಸಮಾಧಾನ ಆಗಬೇಕಾಗಿತ್ತು. ನೀಲಕಂಠಗ ಇನ್ನಷ್ಟ ಸಂಕಟಾತು. ಅವ್ವಂದೂ ತಪ್ಪಲ್ಲ, ಹುಲೆಪ್ಪಂದೂ ಅಲ್ಲ, ಬೀರಪ್ಪಂದಂತೂ ಅಲ್ಲ. ಉಳದಂವ ಒಬ್ಬನ.

ಮೊದಲ ಓಣ್ಯಾಗ ಹೇಳಬೇಕು ಅನ್ನಿಸಿತು ಅಂವಗ. ಹೆಸರ ಅಲ್ಲೇ ಅಲಾ ಕೆಟ್ಟದ್ದು. ಆಯಿತವಾರ ಮುಂಜಾನೆ ಕಾಮಣ್ಣನ ಕಟ್ಟಿ ಮ್ಯಾಲ ಮಂದಿ ಕುಂತಾಗ ಎರಡ ಕಾಚಿನ ಗ್ಲಾಸ, ಥರ್ಮಾಸಿನ್ಯಾಗ ಕುದಿ ನೀರ, ಔಷಧದ ಬಾಟಲಿ, ತೊಟ್ಟಿಗೆ ಹಾಕೂ ಒಗಿಯೂ ಸೋಡಾದ ಪುಡಿ ಎಲ್ಲಾ ತಗೊಂಡ ಹೋದ. ಎರಡೂ ಗ್ಲಾಸಿನ್ಯಾಗ ಒಂದ ಅಳತಿ ಔಷಧ, ಒಂದ ಅಳತಿ ಸೋಡಾ, ಒಂದೊಂದ ತುಂಡ ನೂಲ. ಒಂದ್ರಾಗ ಮಾತ್ರ ಢಬ್ಬು. ಢಬ್ಬು ಬಿದ್ದದ್ದ ತಡ, ಗ್ಲಾಸ ಸೋಡಾ ಬಾಟಲಿ ಒಡಧಂಗ ಬುಸುಬುಸು ಅನ್ನಾಕ ಹತ್ತಿತು.

"ಅಬಾಬಾಬಾ!" ಅಂದ ಭೀಮಪ್ಪ. ಇಂವ ಕಾಮಣ್ಣನ ಮಗ್ಗದಾಗ ನೇಯಾಂವ, ಓಣಿ ಮಸ್ಕಿರಿ ಎಲ್ಲಾ ಇಂವಂದ. ಚಾ ಒಂದ ಸುತ್ತ ಆಗೂತನಕಾ ಕಾದ್ರು. ನೀಲಕಂಠ ಎರಡೂ ನೂಲ ತಗದ ಕಾಮಣ್ಣನ ಕೈಯಾಗ ಕೊಟ್ಟ. ಬರೇ ಗ್ಲಾಸಿನ ನೂಲ ಜಗ್ಗಿದ್ರ ಬೆರಳ ಕೊಯ್ಯೂವಂಗಿತ್ತು. ಢಬ್ಬಿನ ಗ್ಲಾಸಿಂದು ಮುಟ್ಟಿದ್ದಕ್ಕ ಹರೀತು.

"ಆ ಢಬ್ಬು ತೊಟ್ಟ್ಯಾಗ ಹಾಕಿದಂವ ನಾ," ಅಂದ ನೀಲಕಂಠ. "ಹುಲೆಪ್ಪಂದ ಏನೂ ತಪ್ಪಿಲ್ಲ. ಅಂವ ಹೋದ ಮ್ಯಾಲ ನಾ ಅಳದ ಹಾಕಿದ್ದೂ ಕೆಟ್ಟಿತ್ತು. ನಾ ಮುಚ್ಚಿಟ್ಟೆ."

ಮಂದಿ ಒಬ್ಬರ ಮಾರಿ ಒಬ್ಬರ ನೋಡಿದ್ರು.

"ಹಂಗಾರ ನಮ್ಮನಿ ತಾಮ್ರದ ತಂಬಗಿ ನೀರ ಕುಡದ ಕುಡದ ನಾ ಯಾವಾಗೋ ಹರೀಬೇಕಾಗಿತ್ತಲೋ," ಅಂದ ಭೀಮಪ್ಪ. ಎಲ್ಲಾರೂ ಹೋ ಅಂತ ನಕ್ರು.

"ನಗಬ್ಯಾಡ್ರಿ," ಅಂದ ಕಾಮಣ್ಣ, ಕಣ್ಣ ತುಂಬಿ. "ನೀಲಕಂಠ, ನಿಂದ ದೊಡ್ಡ ಮನಸು. ಆಳಿನ ತಪ್ಪ ಮೈಮ್ಯಾಲ ಹೊತಗೊಳ್ಳೂ ಧಣಿ ಈಗಿನ ಕಾಲದಾಗ ಎಲ್ಲಿ ಅದಾರ?"

"ಹೊತಗೊಳ್ಳೂದಲ್ಲ ಕಾಮಣ್ಣ, ನಂದ ಐತಿ ಅದು!"

"ಇರಲಿ, ಇರಲಿ. ಢಬ್ಬೂ ಕೆಡಿಸಿದ್ದೀತು. ಹುಲೆಪ್ಪಾನೂ ಒಂದ ಹೆಚ್ಚ ಹಾಕಿದ್ದಾನು. ಹೋದ ಮಾತ ಬಿಡು. ತೊಟ್ಟಿ ಯಾವಾಗ ಏರಸತಿ ಹೇಳು."

ಆತೇನ? ಗ್ಲಾಸ ತಂದ, ನೊರಿ ತೋರಿಸಿದ, ನೂಲ ಹರದ ತೋರಿಸಿದ, ಬಾಯಿ ಬಿಟ್ಟ ಹೇಳಿದ. ಅಂವನ ಹೆಸರ ಒಂದ ಗೇಣ ಮ್ಯಾಲ ಏರಿತು, ಹುಲೆಪ್ಪಂದ ಎಲ್ಲಿತ್ತೋ ಅಲ್ಲೇ. ಅಂವ ವಾಪಸ ನಡದಾಗ ಹಿಂದಿಂದ ಭೀಮಪ್ಪ ಯಾರಿಗೋ ಹೇಳೂದ ಕೇಳಿಸಿತು. "ಎಂಟ ಹುಲೆಪ್ಪನ ದೈವ ನೋಡಲೇ, ಎಂಥಾ ಮಾಲಕ ಸಿಕ್ಕಿದ್ದ!"

ಆ ವಾರಾನ ಗಲಗಲಿಗೆ ಹೋದ. ಮರೆವ್ವನ ಅಣ್ಣನ ಮನಿ ಊರ ಹೊರಗ, ಹೊಳಿ ಕಡಿ. ಮುಂದ ಕುರಿ ದೊಡ್ಡಿ. ಮರೆವ್ವ ಅಂಗಳದಾಗ ಮರಾ ಹಿಡದ ಜ್ವಾಳ ಕೇರಾಕತ್ತಿದ್ಲು. ಇಂವನ್ನ ನೋಡಿ ಮರಾ ನಿಲ್ಲಸಲಿಲ್ಲ.

"ಬರ್ರಿ ಅಣ್ಣಾರ. ಏನ, ನಮ್ಮ ದೇವರಿಗೆ ಲೆಕ್ಕಾ ಕಲಸಾಕ ಬಂದ್ರೇನ?"

"ತಂಗಿ, ತಪ್ಪಾಗೇತಿ. ಹೇಳಾಕಂತ ಬಂದೇನಿ. ಹುಲೆಪ್ಪ ಎಲ್ಲಿ?"

"ಅಲ್ಲಿ ಅದಾರ ನೋಡ್ರಿ. ಮನ್ಯಾಗ ಇದ್ದೂ ಇಲ್ದಂಗ."

ಹುಲೆಪ್ಪ ದೊಡ್ಡಿ ಬೇಲಿಗೆ ಒರಗಿ ಕುಂತಿದ್ದ. ಗಡ್ಡಾ ಬೆಳದಿತ್ತು. ಇಂವನ್ನ ಕಂಡು ಎದ್ದ ನಿಂತ, "ಬರ್ರಿ ಅಣ್ಣಾರ" ಅಂದ, ಕಂಬಳಿ ಹಾಸಿದ. ಸಿಟ್ಟಿಲ್ಲ, ಏನಿಲ್ಲ. ನೀಲಕಂಠ ಬಯ್ಯಿಸಿಕೊಳ್ಳಾಕ ತಯಾರಾಗಿ ಬಂದಿದ್ದ. ಬೈಗಳ ಸಿಗಲಿಲ್ಲ, ಕಂಬಳಿ ಸಿಕ್ಕಿತು.

ಎಲ್ಲಾ ಹೇಳಿದ. ಢಬ್ಬು, ಮಾಸ್ತರು, ನೊರಿ, ಎರಡನೇ ತೊಟ್ಟಿ. ಎರಡನೇ ತೊಟ್ಟಿ ಮಾತ ಹೇಳೂ ಮುಂದ ದನಿ ಸಣ್ಣಾತು. ಗ್ಲಾಸಿನ ಆಟಾನೂ ಮಾಡಿ ತೋರಿಸಿದ. ಹುಲೆಪ್ಪ ಬಗ್ಗಿ ಗುಳ್ಳಿ ಏಳೂದ ನೋಡಿದ, ಒಳ್ಳೆ ಕೆಲಸಗಾರ ನೋಡಿಧಂಗ. ಹರದ ನೂಲ ಬೆರಳಾಗ ಹಿಡದ ಹೊಸದ.

"ಇದ ಖರೆ ಐತ್ರಿ," ಅಂದ. "ಚೂರ ತಾಮ್ರಕ್ಕ ಇಷ್ಟ ಆಗತೈತಿ ಅಂತ ಗೊತ್ತಿರಲಿಲ್ಲ."

"ಅಂದ್ರ ತಿಳೀತಲಾ ನಿನಗ? ನೀ ಏಳ ಹಾಕಿದ್ದಿ."

ಹುಲೆಪ್ಪ ನೂಲ ಕೆಳಗಿಟ್ಟ. ಆಮ್ಯಾಲ ಮೆಲ್ಲಕ ಅಂದ, "ಇಲ್ರಿ ಅಣ್ಣಾರ. ನಾ ಎಂಟ ಹಾಕಿದ್ದೆ."

"ಏನ?"

"ಮೊದಲನೇ ತಿಂಗಳ ನಿಮ್ಮ ಮ್ಯಾಲ ಸಿಟ್ಟಿತ್ರಿ. ಏಳ ಅಂದ್ರ ಏಳ, ಅಂತಿದ್ದೆ. ಎಲ್ಲಾರೂ ಎಂಟ ಎಂಟ ಅಂದ್ರಲಾ. ದಿನಾ ಕುಂತ ಆ ದಿನದ್ದ ನೆನಸಾಕ ಹತ್ತಿದೆ. ಒಂದೊಂದ ಮಾಪ ಹಾಕಿದ್ದು ಮತ್ತ ಮತ್ತ ನೋಡಿದೆ. ನೋಡತ ನೋಡತ ಎಂಟನೇದ ಕಂಡಿತ್ರಿ. ನನ್ನ ಕೈ, ಮಾಪ, ಕೆಳಗ ನೊರಿ. ಈಗ ಕಣ್ಣ ಮುಚ್ಚಿದ್ರ ಅದ ಕಾಣತೈತಿ. ದೇವರ ಹೆಸರ ತಗೊಂಡ ತಪ್ಪ ಎಣಿಸಿ, ಮ್ಯಾಲ ದೇವರ ಮ್ಯಾಲ ಆಣಿ ಮಾಡಿದೆ ನಾ."

"ಲೇ ಹುಲೆಪ್ಪ! ನಾ ಏಳ ಹಾಕಿದ್ರೂ ಕೆಟ್ಟಿತಲೋ ಮಾರಾಯಾ. ತಿಳಕೋ ಸ್ವಲ್ಪ. ಎಂಟನೇದ ಇಲ್ಲ, ಇರಲೇ ಇಲ್ಲ."

"ನಿಮ್ಮ ತೊಟ್ಟಿ ಢಬ್ಬಿನಿಂದ ಕೆಟ್ಟಿದ್ದೀತ್ರಿ. ನಂದೂ ಕೆಟ್ಟಿದ್ದೀತು. ಆದ್ರ ನಾ ಹಾಕಿದ್ದು ನನಗ ಕಾಣತೈತಿ. ಕಂಡದ್ದನ್ನ ಹೆಂಗ ಇಲ್ಲ ಅನ್ನಲಿ?"

ಕಾಮಣ್ಣ ಹೇಳಿದ ಮಾತ, ಹೆಚ್ಚು ಕಡಿಮಿ ಅದ. ಅಲ್ಲಿ ಅದು ಬರೇ ಬಾಯಿ ಮಾತಾಗಿತ್ತು. ಇಲ್ಲಿ ಒಂದ ಮನಷ್ಯಾನ ಒಳಗ ಹೊಕ್ಕ ಕುಂತಿತ್ತು. ನೀಲಕಂಠ ಬೇಡಿಕೊಂಡ, "ಬಾ, ಕೆಲಸಕ್ಕ ಬಾ, ನಿನ್ನ ಕೈಯಿಂದಾನ ತೊಟ್ಟಿ ಏರಸೂಣು" ಅಂದ. ಹುಲೆಪ್ಪ ಎರಡೂ ಕೈ ಜೋಡಿಸಿದ. "ಬ್ಯಾಡ್ರಿ. ಅಳಿಯೂ ಕೆಲಸ ಹೇಳಬ್ಯಾಡ್ರಿ ನನಗ."

ಹೊತ್ತ ಇಳದಿತ್ತು. ಅಡವಿಯಿಂದ ಕುರಿ ಬಂದ್ವು. ಮರೆವ್ವ ಮರಾ ಕೆಳಗಿಟ್ಟ ಬಂದು ದೊಡ್ಡಿ ಬಾಗಲದಾಗ ನಿಂತ ಎಣಿಸಾಕ ಹತ್ತಿದ್ಲು. ಹುಲೆಪ್ಪ ಮಾರಿ ಹೊಳಿ ಕಡಿ ತಿರುವಿ ಕುಂತಿದ್ದ. ಕುರಿ ಎಣಿಸೂದ ಬಿಟ್ಟ ನಾಕ ತಿಂಗಳ ಆತು ಅಂತ ಆಮ್ಯಾಲ ಆಕೀನ ಹೇಳಿದ್ಲು. ರೊಟ್ಟಿ ಎಷ್ಟ ಬೇಕು ಅಂತ ಕೇಳಿದ್ರೂ "ಹಾಕಿದಷ್ಟ" ಅಂತಾನಂತ.

ನೀಲಕಂಠ ಜಮಖಂಡಿ ಬಸ್ಸಿಗೆ ಕಾದ ನಿಂತಾಗ ಮರೆವ್ವ ಹಿಂದಿಂದ ಬಂದ್ಲು, ತಲಿ ಮ್ಯಾಲ ಸೆರಗ, ಉಸರ ಬಿಡಕೋತ. ಈ ಸಲ ಚುಚ್ಚಲಿಲ್ಲ.

"ಅಣ್ಣಾರ, ಒಂದ ಮಾತ ನಡಸ್ರಿ. ಇನ್ನ ಬರಬ್ಯಾಡ್ರಿ."

"ತಂಗಿ, ನಾಕ ಸಲ ಬಂದ ಹೇಳಿದ್ರ ತಿಳದೀತು ಅಂವಗ. ನಾ ಬಿಡೂದಿಲ್ಲ."

"ನೀವ ಹೇಳೂದು ನನಗ ತಿಳಿತೈತ್ರಿ. ಅವರ ಏಳ ಹಾಕಿದ್ರು ಅಂತ ನನಗ ಮೊದಲಿಂದ ಗೊತ್ತ. ಈಗೀಗ ಎಂಟ ಹಾಕೇನಿ ಅಂತ ಒಪಗೊಂಡು ಎರಡ ತುತ್ತ ಉಣ್ಣಾಕ ಹತ್ಯಾರ. ನೀವ ಬಂದ್ರ ಮತ್ತ ಏಳೋ ಎಂಟೋ ಅಂತ ಕುಂಡ್ರತಾರ. ಎಂಟನ ಇರಲಿ. ನಿಮಗ ಕೈ ಮುಗಿತೇನಿ."

ನೀಲಕಂಠ ಗ್ಲಾಸಿನ ಚೀಲಾ ಹೆಗಲಿಗೆ ಹಾಕ್ಕೊಂಡ. ಬಸ್ಸ ಬಂತು. ಹತ್ತಿದ. ಹಿಂದಿನ ಕಿಡಕಿ ಹಂತೇಕ ಕುಂತ ತಿರುಗಿ ನೋಡಿದ. ಮರೆವ್ವ ಹೋಗಿರಲಿಲ್ಲ. ಧೂಳದಾಗ ಸೆರಗ ಬಾಯಿಗೆ ಹಿಡಕೊಂಡು ರಸ್ತೆ ನಡಬರಕ ನಿಂತಿದ್ಲು, ಅಂವ ಖರೇನ ಹ್ವಾದನೋ ಇಲ್ಲೋ ನೋಡಾಕ.